ಹಿಂದಿನ ಬಸ್ಸಿನಲ್ಲಿ ಬಂದವರು

ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಸ್ಸಿನ ಫುಟ್‌ಬೋರ್ಡಿನ ಮೇಲಿಂದ. ಉಡುಪಿ ಕಡೆಯಿಂದ ಬಂದ ಬೆಳಗಿನ ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಕೂಗಿದ: "ಹ್ವಾಯ್ ಅಣ್ಣ, ಆ ಬ್ರಹ್ಮಾವರದ ಕೊಡೆ ಮೇಡಂ ನಿನ್ನೆ ತೀರ್ಕಂಡ್ರಂಬ್ರ್. ಎದೆನೋವಂಬ್ರ್." ನಾನು ಪುಸ್ತಕದಲ್ಲಿ ಬಸ್ಸು ಬಂದ ಹೊತ್ತು ಬರೆಯುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಅವರಿಗೆ ಗೊತ್ತಾಗುವುದಿಲ್ಲವಲ್ಲ ಎಂಬ ಸಮಾಧಾನ. ಅಂಥ ಸಮಾಧಾನ ನನ್ನೊಳಗಿನಿಂದ ಬಂದದ್ದು ಕಂಡು ನನಗೇ ಹೆದರಿಕೆಯಾಯಿತು.

ಅವರಿಗೆ ಗೊತ್ತಾಗಬಾರದೆಂದು ನಾನು ಮೂರು ವರ್ಷ ಬಚ್ಚಿಟ್ಟದ್ದು ಒಂದು ಫೋನ್ ಕರೆ. ಅದನ್ನೂ ಹೇಳುತ್ತೇನೆ. ಆದರೆ ಅವರು ಎಂಥವರೆಂದು ಮೊದಲು ಹೇಳದಿದ್ದರೆ ಆ ಕರೆಯ ತೂಕ ಯಾರಿಗೂ ತಿಳಿಯುವುದಿಲ್ಲ.

ನಾನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದು, ಒಂದು ನಿಮಿಷ ಹೆಚ್ಚು ನಿಂತವನಿಗೆ ಸೀಟಿ ಊದಿ ಬಯ್ಯುವುದು ನನ್ನ ಕೆಲಸ. ಬಯ್ಯುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗನೋ, ಹಲ್ಲುಜ್ಜಲು ಹೋದರೆ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊಳೆಬದಿಯಲ್ಲಿ ಏಡಿಯ ಬಿಲ ನೋಡುತ್ತ ಕೂರುವವನು. ಶಾಲೆಯ ಚೀಲ ಬಿಟ್ಟು ಶಾಲೆಗೆ ಹೋಗುವವನು. ದೀಪದ ಬುಡದಲ್ಲೇ ಕತ್ತಲೆ ಎಂದು ಡ್ರೈವರುಗಳು ನನ್ನನ್ನು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ನಗೆ ಹೊರಗಿನದು. ಒಳಗೆ ನನಗಿದ್ದದ್ದು ಹೈವೇಯ ಹೆದರಿಕೆ. ಅವನು ಒಂಬತ್ತು ವರ್ಷದವನಿದ್ದಾಗ ರಸ್ತೆಯ ಆಚೆ ಯಾರೋ ಗಾಳಿಪಟ ಹಿಡಿದು ನಿಂತದ್ದು ಕಂಡು ಲಾರಿಯ ಮುಂದಿನಿಂದಲೇ ಓಡಿದ್ದ. ಹನ್ನೆರಡರಲ್ಲಿ ಇನ್ನೊಮ್ಮೆ, ಗೆಳೆಯನೊಬ್ಬ ಕರೆದನೆಂದು. ಎರಡು ಸಲವೂ ಬ್ರೇಕ್ ಹಾಕಿದವರು ಒಳ್ಳೆಯ ಡ್ರೈವರುಗಳು. ಮೂರನೆಯ ಸಲ ಎಂಥವನಿರುತ್ತಾನೋ? ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಆ್ಯಂಬುಲೆನ್ಸಿನ ಸದ್ದು ದಿನಕ್ಕೆ ನಾಲ್ಕು ಸಲ ಕೇಳುತ್ತದೆ. ಪ್ರತಿ ಸಲವೂ ನಾನು ಶಾಲೆಗೆ ಫೋನ್ ಮಾಡಿ, ಅವನು ಕ್ಲಾಸಿನಲ್ಲಿದ್ದಾನಾ ಎಂದು ಕೇಳುತ್ತಿದ್ದೆ. ಕೊನೆಗೆ ಅಲ್ಲಿನ ಗುಮಾಸ್ತರು ನನ್ನ ನಂಬರ್ ಕಂಡರೆ ಎತ್ತುವುದನ್ನೇ ಬಿಟ್ಟರು.

ಎಂಟನೇ ಕ್ಲಾಸಿನಲ್ಲಿ ಡಾಕ್ಟರು ಇದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿದರು. ಗಮನ ಒಂದು ಕಡೆ ನಿಲ್ಲದ, ಕೈಕಾಲು ಮನಸ್ಸಿಗಿಂತ ಮೊದಲು ಹೊರಡುವ ಮಕ್ಕಳು. "ಮಾತ್ರೆ ಬೇಕಾ ಬೇಡವಾ ಆಮೇಲೆ ನೋಡೋಣ. ಮೊದಲು ಶನಿವಾರದ ಗುಂಪಿಗೆ ಕಳಿಸಿ" ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಯುವಕ ಮಂಡಲದ ಹಾಲಿನ ಮೆಟ್ಟಿಲು ಹತ್ತಿದರೆ, ಮೇಲೆ ನಿಂತಿದ್ದವರು ನಮ್ಮ ಕೊಡೆ ಮೇಡಂ!

ನಮ್ಮ ಕೊಡೆ ಮೇಡಂ ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ಅವರಿಗೆ ನಾವಿಟ್ಟ ಹೆಸರು ಅದು. ಯಾವುದೋ ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಮೂವತ್ತು ವರ್ಷ ಮಕ್ಕಳನ್ನು ನೋಡಿ ನಿವೃತ್ತರಾಗಿ ಬ್ರಹ್ಮಾವರಕ್ಕೆ ಬಂದು ತಮ್ಮನ ಮನೆಯಲ್ಲಿದ್ದವರು ಎಂದು ನನಗೆ ಆಮೇಲೆ ತಿಳಿಯಿತು. ಅದಕ್ಕೆ ಮೊದಲು ನನಗೆ ಕಂಡದ್ದು ಇಷ್ಟು: ಐದಡಿಯೂ ಇಲ್ಲದ ಮೈ, ವಾಯಿಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಗಂಡಸರ ಕೊಡೆ. ಬಸ್ಸಿನ ಹಣೆಯ ಮೇಲೆ ದೊಡ್ಡದಾಗಿ ಬ್ರಹ್ಮಾವರ ಎಂದು ಬರೆದಿದ್ದರೂ ಮೂರು ಜನರ ಹತ್ತಿರ ಕೇಳುವರು. "ಇದ್ ಬ್ರಹ್ಮಾವರಕ್ ಹೋತ್ತಾ?" ಹೋಗುತ್ತದೆ ಎಂದರೆ ಹತ್ತಿ, ಕೂತು, ಪಕ್ಕದವರ ಹತ್ತಿರ ನಾಲ್ಕನೆಯ ಸಲ ಕೇಳುವರು.

ಇನ್ನು ರಸ್ತೆ ದಾಟುವುದು. ಸರ್ಕಲ್ಲಿನಲ್ಲಿ ಕೊಡೆಯನ್ನು ಅಡ್ಡ ಹಿಡಿದು ಐದು ನಿಮಿಷ ನಿಲ್ಲುವರು. ಸೈಕಲ್ಲು ದೂರದಲ್ಲಿ ಕಂಡರೂ ಇಟ್ಟ ಹೆಜ್ಜೆ ಹಿಂದೆ ತೆಗೆಯುವರು. ನಾನೊಮ್ಮೆ ಸೀಟಿ ಊದಿ ಎರಡು ಬಸ್ಸು ನಿಲ್ಲಿಸಿ, "ಬನ್ನಿ ಮೇಡಂ, ಮೆರವಣಿಗೆ ಬಪ್ಪ ಹಾಂಗೆ ಬನ್ನಿ" ಎಂದಿದ್ದೆ. ಅವರು ನಕ್ಕು, "ನಿಮ್ಗ್ ತಮಾಷಿ. ರಸ್ತಿ ದಾಟುದಂದ್ರೆ ನಂಗ್ ಜೀವ ಹೋತ್ತ್ ಮಾರಾಯ್ರೆ" ಎಂದು ಆಚೆ ಸೇರಿದ ಮೇಲೆ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ್ದರು. ಕೈ ನಡುಗುವುದನ್ನು ಯಾರೂ ನೋಡಬಾರದೆಂದು ಹಾಗೆ ಮಾಡುತ್ತಾರೆಂದು ನನಗೆ ಆಗ ತಿಳಿದಿರಲಿಲ್ಲ.

ಇಷ್ಟು ಹೆದರುವವರ ಕೈಗೆ ನನ್ನ ಮಗನನ್ನು ಕೊಡುವುದಾ ಎಂದು ಅಂದು ಆ ಮೆಟ್ಟಿಲ ಮೇಲೆಯೇ ಅನಿಸಿತ್ತು.

ಹಾಲಿನಲ್ಲಿ ಎಂಟು ಮಕ್ಕಳು. ಹದಿಮೂರರಿಂದ ಹದಿನಾರು ವರ್ಷದವರು, ಮೂವರು ಹುಡುಗಿಯರು. ಕೇರಂ ಬೋರ್ಡು ಗೋಡೆಗೆ ಒರಗಿಸಿ ವೃತ್ತವಾಗಿ ಕೂರಿಸಿದ್ದರು. ಒಬ್ಬನು ಮಾತ್ರ ಕೂರದೆ ಎಲ್ಲರ ಬೆನ್ನ ಹಿಂದೆ ಸುತ್ತುತ್ತಲೇ ಇದ್ದ. ಅವನ ತಂದೆ ಬಾಗಿಲಲ್ಲಿ ನಿಂತು ಕಣ್ಣು ದೊಡ್ಡದು ಮಾಡಿದರೆ ಮೇಡಂ, "ನಡೀಲಿ ಬಿಡಿ. ಅವ್ನ ಕೆಮಿ ಕಾಲಂಗ್ ಇತ್ತ್" ಎಂದರು. ಕಿವಿ ಕಾಲಿನಲ್ಲಿದೆ ಎಂದದ್ದು ನಿಜವೇ ಇರಬೇಕು, ಆಮೇಲೆ ಕೇಳಿದರೆ ಅವತ್ತು ಹೇಳಿದ್ದನ್ನೆಲ್ಲ ಸರಿಯಾಗಿ ಒಪ್ಪಿಸಿದವನು ಅವನೊಬ್ಬನೇ.

ಮೊದಲ ದಿನ ಮಾಡಿಸಿದ್ದು ಎಂತ ಗೊತ್ತಾ? ಎಲ್ಲರ ಶಾಲೆಯ ಚೀಲವನ್ನು ನಡುವೆ ಸುರಿಯುವುದು. ನನ್ನ ಮಗನ ಚೀಲದಿಂದ ಎರಡು ವರ್ಷದ ಹಿಂದಿನ ಪೋಷಕರ ಸಭೆಯ ಚೀಟಿ, ಒಂಟಿ ಕಾಲುಚೀಲ, ಮಾವಿನ ಗೊರಟು ಬಂದವು. ನಾನು ತಲೆ ತಗ್ಗಿಸಿದೆ. ಬಿಜೂರಿನ ಹುಡುಗಿಯೊಬ್ಬಳ ಚೀಲದಿಂದ ಒಣಗಿದ ಹಲ್ಲಿಯೇ ಬಿತ್ತು. ಎಂಟೂ ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಮಗ ನಕ್ಕದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಬೇರೆಯವರ ಜೊತೆ ಸೇರಿ, ತನ್ನ ಮೇಲೆಯೇ, ಹೆದರಿಕೆಯಿಲ್ಲದೆ ನಕ್ಕದ್ದು ಅದೇ ಮೊದಲು. ಮನೆಗೆ ಬರುವಾಗ ಬೈಕಿನ ಹಿಂದೆ ಕೂತು, "ಅಪ್ಪಯ್ಯ, ನನ್ನ ಹಾಂಗಿಪ್ಪುವ್ರ್ ಬ್ಯಾರೆಯವ್ರೂ ಇದ್ರ್ ಕಾಣಿ" ಅಂದ. ನನಗೆ ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ.

ಅವರ ಪದ್ಧತಿಯೇ ಅದು. ಒಬ್ಬೊಬ್ಬರನ್ನೇ ಕೂರಿಸಿ ಬುದ್ಧಿ ಹೇಳುತ್ತಿರಲಿಲ್ಲ. ಒಂದು ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುವುದನ್ನು ಎಲ್ಲರೂ ಸೇರಿ ಕಲಿಯಬೇಕು. ಬುತ್ತಿ ಡಬ್ಬಿ ತೊಳೆಯುವುದಕ್ಕೆ ಎಷ್ಟು ಹಂತ? ಮಕ್ಕಳು ಜಗಳಾಡಿ ಹನ್ನೊಂದು ಎಂದು ಪಟ್ಟಿ ಮಾಡಿದರು. ನಡುವೆ ಮಾತಾಡಬೇಕಾದರೆ ಕೈಯಲ್ಲಿ ತೆಂಗಿನ ಗೆರಟೆಯ ಸೌಟು ಇರಬೇಕು. ಸೌಟು ಇಲ್ಲದವರು ಬಾಯಿ ಬಿಡಬಾರದು. ಒಮ್ಮೆ ಮೇಡಂ ತಾವೇ ಮರೆತು ಬಾಯಿ ಹಾಕಿದಾಗ ಮಕ್ಕಳು ಅವರನ್ನು ಗೋಡೆ ಕಡೆ ತಿರುಗಿ ನಿಲ್ಲಿಸಿದ್ದರು. ನಿಂತರು, ಒಂದೂ ಮಾತಾಡದೆ. ಏನು ಮಾಡುವ ಮೊದಲೂ ಗಟ್ಟಿಯಾಗಿ ಹೇಳಿಕೊಳ್ಳಬೇಕಾದದ್ದು ಮೂರು ಮಾತು: ನಿಲ್ಲು, ನೋಡು, ಹೇಳು. ಒಬ್ಬರು ಮರೆತರೆ ಪಕ್ಕದವರು ನೆನಪಿಸಬೇಕು. ದೊಡ್ಡವರು ನೆನಪಿಸುವಂತಿಲ್ಲ.

ನಮಗೆ, ಅಂದರೆ ಅಪ್ಪ ಅಮ್ಮಂದಿರಿಗೆ, ಹೊರಗಿನ ಬೆಂಚಿನಲ್ಲಿ ಬೇರೆ ಪಾಠ. ಒಬ್ಬ ತಾಯಿ, "ಇಲ್ಲಿಗ್ ಬಂದ್ರೆ ಮಾತ್ರೆ ಬಿಡ್ಸುಕಾತ್ತಾ?" ಎಂದು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದದ್ದು ನೋಡಿದ್ದೇನೆ. "ಮಾತ್ರೆ ಡಾಕ್ಟ್ರ್ ಕೊಟ್ಟದ್ದ್, ಡಾಕ್ಟ್ರೇ ಬಿಡ್ಸ್ಕ್. ನನ್ನ ಕೆಲ್ಸ ಬ್ಯಾರೆ. ಮಾತ್ರೆ ಚೀಲ ತುಂಬುಕೆ ಕಲ್ಸುದಿಲ್ಲ, ನಾ ಮಾತ್ರೆ ಕೊಡುದಿಲ್ಲ" ಎಂದರು. ನನಗೆ ಹೇಳಿದ್ದು ಇನ್ನೊಂದು. ನಾನು, ಮಗನಿಗೆ ಬುದ್ಧಿ ಕಮ್ಮಿಯಾ ಎಂದು ಕೇಳಿದ್ದೆ. "ಬುದ್ಧಿ ಇತ್ತ್. ಬ್ರೇಕ್ ಹಿಡೂದ್ ತಡ. ನೀವ್ ಬಸ್ಸಿನವ್ರಲ್ದಾ, ಬ್ರೇಕ್ ತಡ ಇಪ್ಪು ಬಸ್ಸನ್ನ ಶೆಡ್ಡಂಗೇ ಇಡ್ತ್ರ್ಯಾ?"

ಮತ್ತೊಂದು ದಿನ ಕಣ್ಣು ಮುಚ್ಚಿ ಕೂತು ಒಂದು ನಿಮಿಷ ಆಯಿತೆನಿಸಿದಾಗ ಕೈ ಎತ್ತುವ ಆಟ. ನನ್ನ ಮಗ ಇಪ್ಪತ್ತೇ ಸೆಕೆಂಡಿಗೆ ಎತ್ತಿದ. ಒಬ್ಬಳು ಎತ್ತಲೇ ಇಲ್ಲ, ನಿದ್ದೆ ಹೋಗಿದ್ದಳು. ಆಮೇಲೆ ನಮ್ಮ ಸರದಿ. ನಾನು ಐವತ್ತೊಂಬತ್ತಕ್ಕೆ ಎತ್ತಿದೆ. ಯಾರಾದರೂ ಭೇಷ್ ಎನ್ನಲಿ ಎಂದು ನೋಡಿದರೆ ಮೇಡಂ ನನ್ನನ್ನು ಮರುಕದಿಂದ ನೋಡುತ್ತಿದ್ದರು. "ನಿಮ್ಗೆ ಇದೇ ಕಷ್ಟ" ಎಂದರು. "ಒಂದ್ ನಿಮಿಷವೂ ನಿಮ್ಮ ಕೈಯಿಂದ ಜಾರೂಕಾಗ. ಹೆದ್ರಿಕಿ ನಿಮ್ದ್. ಅದನ್ನ ಅವ್ನ ಚೀಲಕ್ ತುಂಬ್ಬೇಡಿ."

ನನಗೆ ಒಳಗೊಳಗೆ ಉರಿಯಿತು. ಸೈಕಲ್ಲು ಕಂಡರೆ ಹಿಂದೆ ಸರಿಯುವವರು ನನಗೆ ಹೆದರಿಕೆಯ ಪಾಠ ಹೇಳುತ್ತಾರಲ್ಲ! ಬಾಯಿಗೆ ಬಂದದ್ದನ್ನು ಹೇಳಿಯೂ ಬಿಟ್ಟೆ. ಅವರು ಬೇಸರ ಮಾಡಲಿಲ್ಲ. "ಹೌದ್, ನಂಗೂ ಇತ್ತ್. ಅದ್ಕೇ ಅದ್ರ ರುಚಿ ಗೊತ್ತ್" ಎಂದರು.

ಹತ್ತು ವಾರ ಕಳೆಯುವಷ್ಟರಲ್ಲಿ ಮಗ ಸ್ವಲ್ಪ ಬದಲಾದ. ಪವಾಡವೇನೂ ಆಗಲಿಲ್ಲ. ಚೀಲ ಈಗಲೂ ಮರೆಯುತ್ತಿದ್ದ, ಆದರೆ ಗೇಟಿನ ಹತ್ತಿರ ನೆನಪಾಗಿ ವಾಪಸು ಬರುತ್ತಿದ್ದ. ರಸ್ತೆಯ ಬದಿಗೆ ಬಂದಾಗ ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ನಿಲ್ಲು, ನೋಡು, ಹೇಳು.

ಕೊನೆಗೆ ಬಂತು ಹೊರಗೆ ಹೋಗುವ ಶನಿವಾರ. ಎಂಟು ಮಕ್ಕಳು ತಾವೇ ಬಸ್ಸು ಹತ್ತಿ ಬಿಜೂರಿಗೆ ಹೋಗಬೇಕು. ಹಲ್ಲಿಯ ಹುಡುಗಿಯ ಮನೆ ಅಲ್ಲಿ, ತೆಂಗಿನ ತೋಟದ ನಡುವೆ. ಅಲ್ಲಿ ತಾವೇ ಅಡುಗೆ ಮಾಡಿ ಉಂಡು ಸಂಜೆಗೆ ವಾಪಸಾಗಬೇಕು. ಮೂರು ವಾರ ಕೂತು ಯೋಜನೆ ಮಾಡಿದ್ದರು. ಒಬ್ಬರಿಗೆ ಅಕ್ಕಿ, ಒಬ್ಬರಿಗೆ ತಲೆ ಎಣಿಸುವುದು, ಒಬ್ಬರಿಗೆ ಟಿಕೆಟ್. ನನ್ನ ಮಗನಿಗೆ ಸಿಕ್ಕಿದ್ದು ಇಳಿಯುವ ಜಾಗ ಹೇಳುವ ಕೆಲಸ. ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ನಾಗೂರು, ಕಂಬದಕೋಣೆ ಎಂದು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದ. ಹಿಂದಿನ ಬಾಗಿಲ ಹತ್ತಿರ ಎಲ್ಲರ ಜೊತೆ ನಿಂತು, ಕಂಬದಕೋಣೆ ದಾಟುವಾಗ ಗಟ್ಟಿಯಾಗಿ "ಇನ್ನ್ ಬಿಜೂರ್, ಎಲ್ರೂ ಏಳಿ" ಎಂದು ಕೂಗಬೇಕು. ಮನೆಯಲ್ಲಿ ತಾಯಿಯ ಮುಂದೆ ಕೂಗಿ ಕೂಗಿ ಅಭ್ಯಾಸ ಮಾಡಿದ.

ಮೇಡಂ ಅದೇ ಬಸ್ಸಿನಲ್ಲಿ ಹೋಗುವುದಿಲ್ಲ. ಹತ್ತು ನಿಮಿಷ ತಡವಾಗಿ ಹೊರಡುವ ಹಿಂದಿನ ಬಸ್ಸಿನಲ್ಲಿ ಬರುತ್ತಾರೆ. "ನಾ ಒಟ್ಟಿಗಿದ್ರೆ ಅವ್ರ್ ನನ್ನ ಮುಖ ಕಾಂತ್ರ್, ಒಬ್ರನ್ನೊಬ್ರ್ ಕಾಂಬುದಿಲ್ಲ" ಎಂದು ನಮಗೆಲ್ಲ ಮೊದಲೇ ಬಿಡಿಸಿ ಹೇಳಿದ್ದರು. ಅಪ್ಪ ಅಮ್ಮಂದಿರಿಂದ ಕೇಳಿದ್ದು ಒಂದೇ: ಯಾರೂ ನಡುವೆ ಕೈ ಹಾಕಬಾರದು. ಎಲ್ಲರೂ ಆಯಿತೆಂದೆವು. ನಾನೂ ತಲೆ ಅಲ್ಲಾಡಿಸಿದೆ.

ಆ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ನಾನು ಕಂಡಕ್ಟರನಿಗೆ ಫೋನ್ ಮಾಡಿದೆ. ಅವನು ಸ್ಟ್ಯಾಂಡಿನ ಆಚೆ ಬದಿ ಟೀ ಕುಡಿಯುತ್ತಿದ್ದ. ಮಕ್ಕಳ ಕಣ್ಣೆದುರು ಹೋಗಿ ಹೇಳುವ ಹಾಗಿರಲಿಲ್ಲ.

"ಕಾಣ್, ನಮ್ಮ ಮಾಣಿ ನಿನ್ನ ಬಸ್ಸಂಗೆ ಬತ್ತ. ಅವ್ನನ್ನ ಎದ್ರಿಗೆ ಡ್ರೈವರ್ ಬದಿಯ ಸೀಟಂಗೆ ಕೂರ್ಸ್. ಬಾಗ್ಲ್ ಹತ್ರ ನಿಲ್ಲುಕೆ ಬಿಡ್ಬೇಡ. ಎದ್ರೆ ಮತ್ತೆ ಕೂರ್ಸ್."

"ಆಯ್ತಣ್ಣ, ಮಂಡೆಬಿಸಿ ಬ್ಯಾಡ. ನಮ್ಮ ಮಾಣಿ ಅಲ್ದಾ."

ನಮ್ಮ ಕಡೆ ಇದು ದೊಡ್ಡ ವಿಷಯವೇ ಅಲ್ಲ. ಅಜ್ಜಿಯ ಔಷಧಿ, ದೇವಸ್ಥಾನದ ಪ್ರಸಾದ, ಮದುವೆಯ ಕಾಗದ, ಮರೆತುಬಂದ ಕನ್ನಡಕ ಎಲ್ಲವನ್ನೂ ಕಂಡಕ್ಟರನ ಕೈಗೆ ಕೊಟ್ಟು, ಇಂಥ ಸ್ಟಾಪಿನಲ್ಲಿ ಇಂಥವರು ನಿಂತಿರುತ್ತಾರೆ ಎಂದು ಕಳುಹಿಸುವ ಊರು ನಮ್ಮದು. ಯಾವುದೂ ಕಳೆದುಹೋದದ್ದಿಲ್ಲ. ನಾನು ಮಗನನ್ನೂ ಹಾಗೆಯೇ ಪಾರ್ಸೆಲ್ ಮಾಡಿದೆ.

ಕಂಡಕ್ಟರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಮಗನ ಭುಜ ಹಿಡಿದು ಮುಂದೆ ಒಯ್ದು ಕೂರಿಸಿದ. ಉಳಿದ ಏಳು ಮಕ್ಕಳು ಹಿಂದೆ ಉಳಿದರು. ಬಸ್ಸು ಕಿಕ್ಕಿರಿದಿತ್ತು. ಕಂಬದಕೋಣೆಯಲ್ಲಿ ಮಗ ಎದ್ದು ಕೂಗಲು ಬಾಯಿ ತೆಗೆದ. "ಕೂಕೋ, ನಾ ಹೇಳ್ತೆ" ಎಂದು ಕಂಡಕ್ಟರ್ ಅವನನ್ನು ಒತ್ತಿ ಕೂರಿಸಿ ಟಿಕೆಟ್ ಕೊಡುತ್ತ ಹಿಂದೆ ಹೋದ. ಮಗನ ಕೂಗಿಗೆ ಕಾದಿದ್ದ ಮಕ್ಕಳಿಗೆ ಕೂಗು ಕೇಳಲಿಲ್ಲ. ಬಿಜೂರಿನ ಹುಡುಗಿಗೆ ತನ್ನೂರಿನ ಬೋರ್ಡು ಕಂಡು, ಗಡಿಬಿಡಿಯಲ್ಲಿ ಏಳೂ ಜನ ಹಿಂದಿನ ಬಾಗಿಲಿಂದ ಇಳಿದರು. ಸೀಟಿ ಬಿತ್ತು, ಬಸ್ಸು ಹೊರಟಿತು. ಕಿಟಕಿಯಿಂದ ಮಗನಿಗೆ ರಸ್ತೆಯಲ್ಲಿ ನಿಂತ ಗೆಳೆಯರು ಕಂಡರು. ಅವನು ಮುಂದಿನ ಬಾಗಿಲಿಂದ ಹಾರಿದ.

ಆ ಹೊತ್ತಿಗೆ ನಾನು ಇಲ್ಲಿ ಯಾರನ್ನೋ ಬಯ್ಯುತ್ತಿದ್ದೆ. ಫೋನ್ ಬಂತು. "ಅಣ್ಣ, ಮಾಣಿ ಹಾರ್ದ. ಬಿದ್ದ..." ಅಷ್ಟೇ. ಕರೆ ಕಡಿಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ಮುಕ್ಕಾಲು ಗಂಟೆ ನನಗೆ ಮಗನಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಬೈಕಿನ ಕೀಲಿ ತಿರುಗಿಸಲು ಕೈ ಬರಲಿಲ್ಲ. ಯಾರೋ ಹುಡುಗರು ಹಿಂದೆ ಕೂರಿಸಿಕೊಂಡು ಹೋದರು. ಹೆಮ್ಮಾಡಿ, ತ್ರಾಸಿ ಎಂದು ಊರುಗಳು ಹಿಂದೆ ಸರಿಯುತ್ತಿದ್ದವು. ಪ್ರತಿ ಬೋರ್ಡನ್ನೂ ಅವನ ದನಿಯಲ್ಲೇ ಓದಿಕೊಂಡೆ. ಸಮುದ್ರದ ಬದಿಯ ಗಾಳಿಗೆ ಮೈಯೆಲ್ಲ ಚಳಿ ಹಿಡಿದಿತ್ತು.

ಹತ್ತು ನಿಮಿಷದ ಮೇಲೆ ಹಿಂದಿನ ಬಸ್ಸಿನಲ್ಲಿ ಬಂದ ಮೇಡಂ ಮಾಡಿದ್ದನ್ನು ಬಿಜೂರಿನ ಹುಡುಗಿ ಆಮೇಲೆ ನನ್ನ ಹೆಂಡತಿಗೆ ಹೇಳಿದಳಂತೆ. ಸ್ಟಾಪು ದಾಟಿದಲ್ಲಿ ಜನ ಸೇರಿದ್ದು ಕಂಡು ಬಸ್ಸು ನಿಲ್ಲಿಸಿ ಇಳಿದರಂತೆ. ಮಗ ಬಿದ್ದದ್ದು ಬಸ್ಸಿನ ಬದಿಗೆ, ಆದರೆ ಜನ ಅವನನ್ನು ಎತ್ತಿ ಆಚೆ ಬದಿಯ ಅಂಗಡಿಯ ನೆರಳಿಗೆ ಒಯ್ದಿದ್ದರು. ನಾಲ್ಕು ಸಾಲಿನ ಹೈವೇ. ಮೇಡಂ ಕೊಡೆ ಎಸೆದು ಅತ್ತ ಇತ್ತ ನೋಡದೆ ಓಡಿದರಂತೆ. ಒಂದು ಬೂಟು ರಸ್ತೆಯಲ್ಲೇ ಬಿತ್ತಂತೆ.

ಬಿಜೂರಿನಲ್ಲಿ ಕೇಳಿಕೊಂಡು ಹೋದ ಆಸ್ಪತ್ರೆಯಲ್ಲಿ ನಾನು ಕಂಡದ್ದು ಒಂದು ಕಾಲಿಗೆ ಬೂಟು, ಒಂದು ಕಾಲು ಬರಿದು, ಸೀರೆಯ ಸೆರಗಿಗೆಲ್ಲ ನನ್ನ ಮಗನ ಹಣೆಯ ರಕ್ತ. ಭುಜದ ಮೂಳೆ ಮುರಿದಿದೆ, ಹಣೆ ಹರಿದಿದೆ, ಜೀವಕ್ಕೇನೂ ಇಲ್ಲ ಎಂದು ಅವರೇ ಹೇಳಿದರು. ಉಳಿದ ಒಂದು ಬೂಟಿನ ಲೇಸನ್ನು ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಆಗ ನಾನು ಏನು ಹೇಳಬೇಕಿತ್ತು? ಹೇಳಿದ್ದು ಇದು: "ನಿಮ್ಮನ್ನ ನಂಬಿ ಬಿಟ್ಟದ್ದ್ ನಾವ್. ಹಿಂದಿನ ಬಸ್ಸಂಗೆ ಬಪ್ಪುಕೆ ನಿಮ್ಗ್ ಮನ್ಸಾರೂ ಹ್ಯಾಂಗ್ ಬಂತ್?" ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ. ಅವರು, "ತಪ್ಪಾಯ್ತ್" ಎಂದರು.

ಮರುದಿನ ಕಂಡಕ್ಟರ್ ಬಂದು, "ಅಣ್ಣ, ನೀವ್ ಹೇಳಿದ್ದಕ್ಕೇ ನಾ..." ಎಂದು ಶುರುಮಾಡಿದ. "ಸುಮ್ನಿರ್. ನೀನೂ ಹೇಳ್ಬೇಡ, ನಾನೂ ಹೇಳುದಿಲ್ಲ" ಎಂದೆ. ಅವನಿಗೆ ಕೆಲಸದ ಹೆದರಿಕೆ, ನನಗೆ ಮಗನ ಮುಖದ ಹೆದರಿಕೆ. ಮಕ್ಕಳನ್ನು ಮುಂದೆ ಕೂರಿಸುವುದು ಕಂಡಕ್ಟರುಗಳ ಅಭ್ಯಾಸ ಎಂದುಕೊಂಡು ಯಾರೂ ಏನೂ ಕೇಳಲಿಲ್ಲ.

ಮುಂದಿನ ಶನಿವಾರ ಹಾಲಿನಲ್ಲಿ ಅಪ್ಪ ಅಮ್ಮಂದಿರ ಸಭೆ. ಒಬ್ಬೊಬ್ಬರೂ ಮೇಡಂ ಮೇಲೆ ಬಿದ್ದರು. ಮಕ್ಕಳ ಜೀವದ ಜೊತೆ ಆಟವಾಡುತ್ತೀರಾ ಎಂದರು. ಮಾತ್ರೆಯಾದರೂ ಮನೆಯೊಳಗೆ ಕೂತು ತಿನ್ನುವಂಥದ್ದು, ಇದೆಂಥ ಚಿಕಿತ್ಸೆ ಎಂದರು. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನನ್ನ ಮಗ ಎದ್ದು ನಿಂತು, "ತಪ್ಪ್ ನಂದ್. ನಾ ನಿಲ್ಲಲಿಲ್ಲ, ಕಾಣಲಿಲ್ಲ, ಹಾರ್ದೆ" ಎಂದ. ಮೇಡಂ, "ನಿಂದಲ್ಲ ಮಗ. ಯೋಜನೆ ನಂದ್, ತಪ್ಪೂ ನಂದ್" ಎಂದರು. ಅವರ ಕಣ್ಣು ಆಮೇಲೆ ನನ್ನ ಮೇಲೆ ನಿಂತಿತೋ, ನನಗೆ ಹಾಗೆ ಕಂಡಿತೋ, ಇವತ್ತಿಗೂ ಗೊತ್ತಿಲ್ಲ. ಬಾಯಿ ತೆಗೆಯಲು ನನಗೆ ಒಂದು ನಿಮಿಷ ಸಾಕಿತ್ತು. ಆ ನಿಮಿಷವನ್ನು ನಾನು ಕಳೆದುಬಿಟ್ಟೆ. ಗುಂಪು ಅಲ್ಲಿಗೆ ಮುಚ್ಚಿತು.

ಭುಜ ಕೂಡಿತು. ಆದರೆ ಮಗ ಬಸ್ಸು ಹತ್ತಲಿಲ್ಲ. ಹತ್ತುತ್ತೇನೆ ಎನ್ನಲೂ ಇಲ್ಲ. ಮೂರು ವರ್ಷ, ಹತ್ತನೇ ಕ್ಲಾಸು ಮುಗಿದು ಕಾಲೇಜು ಸೇರಿದರೂ, ನಾನೇ ಬೈಕಿನಲ್ಲಿ ಬಿಟ್ಟು ನಾನೇ ಕರೆತಂದೆ. ಎಲ್ಲಿಗಾದರೂ ಹೋಗಿ ಬಾ ಎಂದರೆ, "ಬ್ಯಾಡ, ನಂಗ್ ನನ್ನ ಮೇಲೆ ನಂಬಿಕಿ ಇಲ್ಲೆ" ಎನ್ನುವನು. ನಾನು ಬಯಸಿದ್ದ ಸುರಕ್ಷೆ ನನಗೆ ಸಿಕ್ಕಿತ್ತು. ಮನೆಯ ಮೂಲೆಯಲ್ಲಿ ಕೂತ ಅವನನ್ನು ನೋಡಿದರೆ ಹೈವೇಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಮೇಡಂ ಆಮೇಲೂ 'ಇದ್ ಬ್ರಹ್ಮಾವರಕ್ ಹೋತ್ತಾ' ಎಂದು ಕೇಳುತ್ತ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದರು. ಒಂದೆರಡು ಮಕ್ಕಳನ್ನು ಅವರವರ ಮನೆಗೇ ಹೋಗಿ ನೋಡುತ್ತಿದ್ದರಂತೆ. ನನ್ನನ್ನು ಕಂಡರೆ ಮುಖ ತಿರುಗಿಸಲಿಲ್ಲ, ತಿರುಗಿಸಿದವನು ನಾನು. ಕಳೆದ ವರ್ಷ ಒಂದು ದಿನ ಮೇಜಿನ ಹತ್ತಿರವೇ ಬಂದು ನಿಂತರು. "ಮಾಣಿಯನ್ನ ಒಂದ್ ಶನಿವಾರ ನಮ್ಮನಿಗೆ ಕಳ್ಸಿ. ಒಬ್ಬನೇ ಬರ್ಲಿ. ಒಂದೇ ಬಸ್, ಗೇಟಿನ ಹತ್ರವೇ ಸ್ಟಾಪ್. ನಾ ಕಾಯ್ತೆ." "ಬಪ್ಪ ಶನಿವಾರ ಕಳ್ಸ್ತೆ ಮೇಡಂ" ಎಂದೆ. ಕಳುಹಿಸಲಿಲ್ಲ. ಮಗನಿಗೆ ಹೇಳಲೂ ಇಲ್ಲ. ಇಬ್ಬರೂ ಕೂತು ಮಾತಾಡಿದರೆ ಎಲ್ಲಿ ಆ ಫೋನಿನ ವಿಷಯ ಹೊರಬೀಳುತ್ತದೋ ಎಂಬ ಭಯ.

ಹೀಗಿರುವಾಗ ಅವರು ತೀರಿಕೊಂಡರು. ಹದಿಮೂರನೇ ದಿನದ ಊಟಕ್ಕೆ ಹಳೆಯ ಗುಂಪಿನವರೆಲ್ಲ ಬರಬೇಕೆಂದು ಬಿಜೂರಿನ ಹುಡುಗಿ ಎಲ್ಲರಿಗೂ ಮೆಸೇಜ್ ಹಾಕಿದ್ದಳು. ಆ ಬೆಳಿಗ್ಗೆ ನಾನು, "ಬಾ, ಬೈಕಂಗೆ ಹೋಪ" ಎಂದೆ. ಮಗ ಜಗಲಿಯಲ್ಲಿ ಕೂತಿದ್ದ, ಏಳಲಿಲ್ಲ.

"ನಾ ಎಂತ ಮುಖ ಇಟ್ಕಂಡ್ ಹೋಪುದ್ ಅಪ್ಪಯ್ಯ? ನಾ ಹಾರದಿದ್ರೆ ಅವ್ರ್ ಕ್ಲಾಸ್ ಮುಚ್ತಿರ್ಲಿಲ್ಲ."

ಹದಿನೇಳು ವರ್ಷದ ಹುಡುಗ, ಮೀಸೆ ಬಂದವನು, ಅಳುತ್ತಿದ್ದ. ಇವತ್ತು ಹೇಳದಿದ್ದರೆ ಇವನು ಸಾಯುವವರೆಗೂ ಈ ಹೊರೆ ಹೊರುತ್ತಾನೆ ಎಂದು ಗೊತ್ತಾಯಿತು. ಪಕ್ಕದಲ್ಲಿ ಕೂತು ಹೇಳಿದೆ. ಫೋನ್ ಮಾಡಿದ್ದು, ಮುಂದೆ ಕೂರಿಸಲು ಹೇಳಿದ್ದು, ಎದ್ದರೂ ಕೂರಿಸು ಎಂದದ್ದು, ಆಸ್ಪತ್ರೆಯಲ್ಲಿ ಅವರ ಮೇಲೆ ಕೂಗಾಡಿದ್ದು. ಮಗ ಅಳು ನಿಲ್ಲಿಸಿ ನನ್ನನ್ನೇ ನೋಡಿದ.

"ಮೇಡಂಗ್ ಹೇಳಿದ್ರ್ಯಾ?"

"ಇಲ್ಲ."

ಅವನು ಎದ್ದು ಅಂಗಿ ಹಾಕಿಕೊಂಡ. ನಾನು ಬೈಕಿನ ಕೀಲಿ ತೆಗೆದದ್ದು ಕಂಡು, "ನೀವ್ ಬಪ್ಪುದ್ ಬ್ಯಾಡ. ನಾ ಬಸ್ಸಂಗ್ ಹೋತೆ" ಎಂದ.

ಹೋದ. ನಾನು ಡ್ಯೂಟಿಗೆ ಬಂದೆ. ದಕ್ಷಿಣದಿಂದ ಬಂದ ಪ್ರತಿ ಬಸ್ಸಿನ ಎರಡೂ ಬಾಗಿಲು ನೋಡಿದೆ. ಎರಡು ಸಲ ಆ್ಯಂಬುಲೆನ್ಸ್ ಕೂಗಿತು. ಯಾರಿಗೂ ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಪುಸ್ತಕದಲ್ಲಿ ಅವತ್ತು ಬರೆದ ಹೊತ್ತುಗಳೆಲ್ಲ ತಪ್ಪೆಂದು ಬಸ್ಸಿನ ಮಾಲೀಕರು ಆಮೇಲೆ ಹೇಳಿದರು.

ಮಗ ಮೂರೂವರೆಯ ಬಸ್ಸಿನಿಂದ ಇಳಿದ. ಬಸ್ಸು ಪೂರ್ತಿ ನಿಂತ ಮೇಲೆ, ಎಲ್ಲರಿಗಿಂತ ಕೊನೆಗೆ. ನೇರ ನನ್ನ ಮೇಜಿನ ಹತ್ತಿರ ಬಂದ.

"ಎಲ್ರ ಎದ್ರಿಗೆ ಹೇಳ್ದೆ" ಅಂದ. "ಊಟಕ್ ಕೂತಲ್ಲೇ. ಬಾಯಿಗ್ ಬಂತ್, ನಿಲ್ಸುಕಾಯ್ಲಿಲ್ಲ. ಫೋನ್ ಮಾಡಿದ್ದ್ ನಮ್ಮಪ್ಪಯ್ಯ, ಮೇಡಂ ತಪ್ಪಲ್ಲ ಅಂದೇಳಿ."

ನಾನು ಮೂರು ವರ್ಷ ನುಂಗಿಕೊಂಡದ್ದನ್ನು ಅವನು ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸಿದ್ದ. ಅದೇ ಸರಿ ಎನಿಸಿತು. "ಒಳ್ಳೇದಾಯ್ತ್ ಮಗ" ಎಂದೆ. ನಿಜವಾಗಿಯೂ ಎದೆ ಸ್ವಲ್ಪ ಹಗುರಾಗಿತ್ತು.

ಅವನು ಹೋಗಲಿಲ್ಲ, ನಿಂತೇ ಇದ್ದ.

"ಮೇಡಂ ಅವ್ರ ತಮ್ಮ ಒಂದ್ ಮಾತ್ ಹೇಳ್ರ್. ಶನಿವಾರ ಶನಿವಾರ ಅವ್ರ್ ಗೇಟಿನ ಹತ್ರ ಕುರ್ಚಿ ಹಾಕ್ಕಂಡ್ ಕೂರ್ತಿದ್ರಂಬ್ರ್. ಕುಂದಾಪುರದ ಮಾಣಿ ಬತ್ತ, ಅವ್ನಪ್ಪ ಹೇಳಿದ್ರ್ ಅಂದೇಳಿ. ನನ್ನ ಬಪ್ಪುಕೆ ಹೇಳಿದ್ರಾ ಅವ್ರ್?"

"ಹೌದ್."

"ಎಷ್ಟ್ ಸಮಯ ಆಯ್ತ್?"

"ಒಂದ್ ವರ್ಷ."

ಅವನು ತಿರುಗಿದ. ರಸ್ತೆಯ ಬದಿಗೆ ಹೋಗಿ ನಿಂತ, ಎರಡೂ ಕಡೆ ನೋಡಿದ, ದಾಟಿದ. ಮನೆಯ ದಾರಿ ಹಿಡಿದು ನಡೆಯತೊಡಗಿದ. ನನ್ನ ಡ್ಯೂಟಿ ಮುಗಿಯಲು ಅರ್ಧ ಗಂಟೆಯಿತ್ತು, ಬೈಕು ಅಲ್ಲೇ ಇತ್ತು, ನಿಲ್ಲು ಎಂದು ಕೂಗಬಹುದಿತ್ತು. ಕೂಗಲಿಲ್ಲ. ಕೂಗಿದರೆ ತಿರುಗಿ ನೋಡುತ್ತಾನೋ ಇಲ್ಲವೋ ಎಂದು ನನಗೆ ಹೆದರಿಕೆಯಾಯಿತು.